ಪೆಟ್ರೋಲ್ ಬಂಕಿನ ಜಾಗದಲ್ಲಿದ್ದ ಏಳು ಮನೆಗಳು

ವೆಸ್ಟ್ ಮಾಂಬಲಂ

ಮದರಾಸಿನಲ್ಲಿ ಬೆಳಗಾಗುವುದು ಕೊಡಗಳ ಸದ್ದಿನಿಂದ. ನಾನು ಹಾಸಿಗೆ ಮಡಚುವಷ್ಟರಲ್ಲಿ ಸುಮತಿ ಅತ್ತಿಗೆ ಕೆಳಗಿನ ನಲ್ಲಿಯಿಂದ ಐದು ಕೊಡ ನೀರು ಹೊತ್ತು ತಂದಾಗಿತ್ತು. ಅತ್ತಿಗೆ ಎಂದರೆ ನನ್ನ ಯಜಮಾನರ ಅಕ್ಕ. ಹತ್ತು ವರ್ಷದಿಂದ ಅವರ ಸಂಸಾರ ಇಲ್ಲಿಯೇ. ಭಾವ ಒಂದು ಹೋಟೆಲಿನ ಮ್ಯಾನೇಜರು; ಮೊದಲ ಇಡ್ಲಿ ಬೇಯುವ ಮುಂಚೆ ಅಲ್ಲಿರಬೇಕಾದವರು, ಆಗಲೇ ಹೊರಟುಹೋಗಿದ್ದರು. ಹಾಲಿನವನು ಎಮ್ಮೆಯನ್ನೇ ಬಾಗಿಲಿಗೆ ತಂದು ಕಣ್ಣೆದುರಿಗೆ ಕರೆದುಕೊಟ್ಟ. ಆದರೂ ಅತ್ತಿಗೆ ಅವನ ಪಾತ್ರೆಯೊಳಗೆ ಇಣುಕಿ, ಕರೆಯುವ ಮೊದಲೇ ತಳದಲ್ಲಿ ನೀರಿತ್ತೆಂದು ಜಗಳ ತೆಗೆದರು. ಅವನು ತಮಿಳಿನಲ್ಲಿ ದೇವರ ಆಣೆ ಹಾಕಿದ, ಇವರು ಉಡುಪಿಯ ಕನ್ನಡದಲ್ಲಿ ನಂಬುವುದಿಲ್ಲ ಎಂದರು. ದಿನವೂ ನಡೆಯುವ ಜಗಳವಂತೆ. ಇಬ್ಬರ ಮುಖದಲ್ಲೂ ಸಿಟ್ಟಿರಲಿಲ್ಲ.

ಡಿಕಾಕ್ಷನ್ ಇಳಿಯುವ ಹೊತ್ತಿಗೆ ಸರಿಯಾಗಿ ಎದುರುಮನೆಯ ಪದ್ಮಾಬಾಯಿ ಬಂದರು. ಅವರದು ತಲೆಮಾರುಗಳಿಂದ ಮದರಾಸಿನಲ್ಲೇ ಇರುವ ಮಾಧ್ವರ ಮನೆತನ. ಮನೆಯಲ್ಲಿ ಮಾತಾಡುವುದು ಕನ್ನಡವೇ, ಆದರೆ ಅನ್ನದಲ್ಲಿ ಹುಣಿಸೆ ಕಲಸಿದಂತೆ ಅದರ ತುಂಬ ತಮಿಳು. ಬಿಡುವಿನಲ್ಲಿ ನಾಲ್ಕು ಬೀದಿಯ ಹೆಂಗಸರಿಗೆ ಹೊಲಿದುಕೊಡುತ್ತಾರೆ. ಯಾವ ಬಟ್ಟೆ ಕಂಡರೂ ಮೊದಲು ಅದರ ಹಿಂಬದಿಯನ್ನು ತಿರುವಿ ನೋಡುವುದು ಅವರ ಅಭ್ಯಾಸ. ಬಂದವರೇ ನನ್ನ ಸೆರಗನ್ನು ಹಿಡಿದು ಮಗುಚಿದರು.

"ಬಾರ್ಡರ್ ಚೆನ್ನಾಗಿದೆ ಶಾರದಾ. ಆನಾ ಹಿಂದುಗಡೆ ನೋಡು, ದಾರ ತೂಗ್ತಾ ಇದೆ. ಯಾರು ಅಂಚು ಮಡಿಚಿ ಹೊಲಿದದ್ದು?"

"ನಾನೇ," ಎಂದೆ.

"ಪರವಾಯಿಲ್ಲೆ," ಎಂದು ಅವರು ಕಾಫಿಯತ್ತ ತಿರುಗಿದರು.

ಅತ್ತಿಗೆ ನಕ್ಕರು. "ನೋಡಿ ಪದ್ಮಾಬಾಯಿ, ಮೂರು ದಿನಕ್ಕೆ ಅಂತ ಬಂದವಳು, ಬೀಚು ಬೇಡವಂತೆ, ಮ್ಯೂಸಿಯಂ ಬೇಡವಂತೆ. ನುಂಗಂಬಾಕ್ಕಂನಲ್ಲಿ ಒಂದು ಪೆಟ್ರೋಲ್ ಬಂಕ್ ಉಂಟಲ್ಲ, ಅದನ್ನು ನೋಡ್ಲಿಕ್ಕೆ ಹೋಗ್ತಾಳಂತೆ. ಎಂತ ಹೇಳುದು ಇವಳಿಗೆ?"

ಪ್ರವಾಸವೆಂದು ಬರೆಯುವವರೆಲ್ಲ ಸಮುದ್ರ ದಾಟಿರುತ್ತಾರೆ. ನಾನು ದಾಟಿದ್ದು ನಾನು ಹುಟ್ಟುವಾಗ ಇಲ್ಲದಿದ್ದ ಒಂದು ಗಡಿಯನ್ನು. ಆಗ ನಮ್ಮ ಉಡುಪಿ, ಮಂಗಳೂರುಗಳಿಗೆ ಮದರಾಸೇ ರಾಜಧಾನಿ. ರಾಜ್ಯಗಳನ್ನು ಭಾಷೆಯಂತೆ ಹಂಚಿದ ಮೇಲೆ ನಾನು ಹುಟ್ಟಿದ ಮದರಾಸು ಪರರಾಜ್ಯವಾಯಿತು. ರೈಲಿನಲ್ಲಿ ಎದುರು ಕುಳಿತಿದ್ದವರು "ನೀವು ಮೈಸೂರು ರಾಜ್ಯದವರೋ?" ಎಂದು ಕೇಳಿದಾಗ, ಹೌದು ಎಂದು ಹೇಳಿ, ಹುಟ್ಟಿದ್ದು ಮಾತ್ರ ಇಲ್ಲಿಯೇ ಎಂದು ಸೇರಿಸಿದೆ.

ನನ್ನ ತಂದೆ ನುಂಗಂಬಾಕ್ಕಂನ ಒಂದು ಬೀದಿಯಲ್ಲಿ ಸಣ್ಣ ಹೋಟೆಲು ಇಟ್ಟಿದ್ದರು. ಹಳೆಯ ಕಟ್ಟಡ, ಕೆಳಗೆ ಹೋಟೆಲು, ಅದರ ಹಿಂದೆಯೂ ಮೇಲೆಯೂ ಸೇರಿ ಏಳು ಮನೆಗಳು. ನಾನು ಹನ್ನೆರಡು ವರ್ಷದವಳಿದ್ದಾಗ ಜಪಾನಿನವರ ಬಾಂಬು ಬೀಳುತ್ತದೆಂಬ ಸುದ್ದಿಗೆ ಮದರಾಸಿಗೆ ಮದರಾಸೇ ಖಾಲಿಯಾಯಿತು. ನಾವೂ ಸಿಕ್ಕಿದ ರೈಲು ಹತ್ತಿ ಊರಿಗೆ ಹೋದೆವು. ತಂದೆ ಮತ್ತೆ ಬರಲಿಲ್ಲ. ಈಗ ಆ ಕಟ್ಟಡವೇ ಇಲ್ಲ, ಅಲ್ಲಿ ಪೆಟ್ರೋಲ್ ಬಂಕ್ ಇದೆ ಎಂದು ಹಿಂದಿನ ಸಂಜೆ ಭಾವ ಹೇಳಿದ್ದರು.

ಕಟ್ಟಡಕ್ಕಿಂತ ನನಗೆ ಬೇಕಾಗಿದ್ದವಳು ವೇದವಲ್ಲಿ. ನಮ್ಮ ಮೇಲಿನ ಮನೆಯ ಅಯ್ಯಂಗಾರರ ಮಗಳು, ನನ್ನ ಕಾನ್ವೆಂಟಿನ ಜೊತೆಗಾತಿ. ಅವಳಿಗೆ ಒಂದು ಮಾತು ಹೇಳಬೇಕಿತ್ತು. ಕೈಚೀಲದಲ್ಲಿ ಒಂದು ಬಟ್ಟೆಯನ್ನೂ ತಂದಿದ್ದೆ.

ರೈಲಿನಲ್ಲಿ

ಮಾಂಬಲಂನಿಂದ ನುಂಗಂಬಾಕ್ಕಂಗೆ ಎಲೆಕ್ಟ್ರಿಕ್ ರೈಲಿನಲ್ಲಿ ಎರಡೇ ಸ್ಟೇಷನ್ನು. ಹೆಂಗಸರ ಡಬ್ಬಿಯಲ್ಲಿ ಕೂರುವ ಮೊದಲೇ ಎಲ್ಲರೂ ಮಾತು ಶುರುಮಾಡಿರುತ್ತಾರೆ. ನಮ್ಮೂರ ಬಸ್ಸಿನಲ್ಲಿ ಪಕ್ಕದವರ ಮನೆತನ ಕೇಳುತ್ತಾರೆ, ಇಲ್ಲಿ ಮಲ್ಲಿಗೆ ಯಾವ ಅಂಗಡಿಯದೆಂದು ಕೇಳುತ್ತಾರೆ. ಆ ಎರಡು ಸ್ಟೇಷನ್ನುಗಳ ನಡುವೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೇಳಿ ನೋಡಿಕೊಂಡೆ. ಅದನ್ನು ಇಲ್ಲಿಯೂ ಹೇಳಿಬಿಡುತ್ತೇನೆ.

ವೇದವಲ್ಲಿ ಎಡಚಿ. ಕಾನ್ವೆಂಟಿನಲ್ಲಿ ಎಡಗೈಯಲ್ಲಿ ಸೂಜಿ ಹಿಡಿದರೆ ಸಿಸ್ಟರು ಆ ಕೈಗೆ ಕರವಸ್ತ್ರ ಕಟ್ಟಿಬಿಡುತ್ತಿದ್ದರು. ಮನೆಯಲ್ಲಿಯೂ ಅವಳ ತಾಯಿ ಎಡಗೈಗೆ ಹೊಡೆಯುತ್ತಿದ್ದರು. ಆದ್ದರಿಂದ ತರಗತಿಯಲ್ಲಿ ಅವಳ ಕಸೂತಿ ನೋಡಲಾಗದಷ್ಟು ಸೊಟ್ಟ. ಆದರೆ ಸಂಜೆ ನಮ್ಮ ಕಟ್ಟಡದ ಮರದ ಮೆಟ್ಟಿಲ ಮೇಲೆ, ಯಾರೂ ಇಲ್ಲದಾಗ, ಅವಳು ಎಡಗೈಯಲ್ಲಿ ಹೊಲಿಯುತ್ತಿದ್ದಳು. ಆಗ ಅವಳ ಸೂಜಿ ನೀರಿನಲ್ಲಿ ಮೀನು ಓಡಿದ ಹಾಗೆ ಓಡುತ್ತಿತ್ತು. ಗುಣಿಸುವ ಚಿಹ್ನೆಯಂಥ ಹೊಲಿಗೆ ಅದು. ಮೇಲಿನ ಗೀಟು ನಮ್ಮದು ಬಲಕ್ಕೆ ವಾಲಿದರೆ ಅವಳದು ಎಡಕ್ಕೆ. ಹೊಲಿದದ್ದನ್ನು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕಾಗದ ಸುತ್ತಿ ಬಚ್ಚಿಡುತ್ತಿದ್ದಳು. ನನ್ನೊಬ್ಬಳಿಗೇ ಆ ಜಾಗ ಗೊತ್ತು.

ಆ ವರ್ಷ ಶಾಲೆಯ ಪ್ರದರ್ಶನಕ್ಕೆ ಎಲ್ಲರೂ ಟ್ರೇ ಮೇಲೆ ಹಾಸುವ ಬಟ್ಟೆಯೊಂದನ್ನು ಹೊಲಿದು, ಮೂಲೆಯಲ್ಲಿ ತಮ್ಮ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ಹಾಕಿ ಕೊಡಬೇಕಿತ್ತು. ಕೊಡುವ ದಿನ ಬೆಳಿಗ್ಗೆ ನಾನು ನನ್ನ ಬಟ್ಟೆಗೆ ಇಸ್ತ್ರಿ ಹಾಕಲು ಹೋಗಿ ನಡುಮಧ್ಯೆ ಸುಟ್ಟುಬಿಟ್ಟೆ. ಅಳುತ್ತ ಮೆಟ್ಟಿಲಿಳಿದವಳ ಕೈ ತಾನಾಗಿ ಗೂಡಿಗೆ ಹೋಯಿತು. ಕಾಗದ ಬಿಚ್ಚದೆ, ಒಳಗೆ ನೋಡದೆ, ವೇದವಲ್ಲಿಯ ಬಟ್ಟೆಯನ್ನು ನನ್ನದೆಂದು ಸಿಸ್ಟರ ಕೈಗೆ ಕೊಟ್ಟೆ.

ಪ್ರದರ್ಶನದ ದಿನ ಅದು ಮೇಜಿನ ನಡುವೆ ಇತ್ತು. ಅಂಚಿಗೆಲ್ಲ ಹಸಿರು ಬಳ್ಳಿ, ಕೆಂಪು ಹೂವು, ಮೂಲೆಯಲ್ಲಿ ನೀಲಿ ದಾರದ ಎಸ್ ಅಕ್ಷರ. ಅದನ್ನು ನಾನು ಹಾಕಿರಲಿಲ್ಲ. ಅಕ್ಷರ ಹಾಕದೆ ತಂದವರ ಬಟ್ಟೆಗೆ ಸಿಸ್ಟರು ದೊಡ್ಡ ತರಗತಿಯ ಹುಡುಗಿಯರಿಂದ ಹಾಕಿಸುತ್ತಿದ್ದರು. ನನ್ನದಕ್ಕೂ ಹಾಗೆಯೇ ಹಾಕಿಸಿದರು ಎಂದುಕೊಂಡೆ. ಪಕ್ಕದಲ್ಲಿ 'ಶಾರದಾ, ಪ್ರಥಮ ಬಹುಮಾನ' ಎಂಬ ಚೀಟಿ. ವೇದವಲ್ಲಿ ಬಂದು ನಿಂತು ನೋಡಿದಳು. ಚೀಟಿ ಓದಿದಳು. ನನ್ನತ್ತ ಒಮ್ಮೆ ನೋಡಿ ಹೊರಗೆ ಹೋದಳು. ಎರಡು ವಾರದೊಳಗೆ ಊರು ಖಾಲಿಯಾಯಿತು.

ಶನಿವಾರ ನಮ್ಮ ಕ್ಯಾಥೊಲಿಕ್ ಗೆಳತಿಯರು ಚರ್ಚಿನ ಮರದ ಗೂಡಿನ ಮುಂದೆ ಮೊಣಕಾಲೂರಿ, ಒಳಗಿನ ಪಾದ್ರಿಗೆ ತಮ್ಮ ತಪ್ಪುಗಳನ್ನು ಪಿಸುಗುಟ್ಟಿ, ಹಗುರಾಗಿ ಎದ್ದು ಬರುವುದನ್ನು ಕಂಡು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನನಗೆ ಅಂಥ ಗೂಡಿರಲಿಲ್ಲ. ಬಟ್ಟೆಯನ್ನು ಟ್ರಂಕಿನ ತಳಕ್ಕೆ ಹಾಕಿದೆ. ಮದುವೆಯಾಗಿ ಮನೆ ಬದಲಾಯಿತು, ಟ್ರಂಕು ಬದಲಾಯಿತು, ಬಟ್ಟೆ ಮಾತ್ರ ಮಡಿಕೆ ಬಿಚ್ಚದೆ ಹದಿನೆಂಟು ವರ್ಷ ಹಾಗೆಯೇ ಇತ್ತು.

ನುಂಗಂಬಾಕ್ಕಂ

ನಮ್ಮ ಬೀದಿಯ ತುದಿಯ ಕೆಂಪು ಅಂಚೆಪೆಟ್ಟಿಗೆ ಅಲ್ಲಿಯೇ ಇತ್ತು. ಅಲ್ಲಿಂದ ನಮ್ಮ ಮೆಟ್ಟಿಲಿಗೆ ಅರವತ್ತು ಹೆಜ್ಜೆ ಎಂದು ಚಿಕ್ಕಂದಿನಲ್ಲಿ ಎಣಿಸಿದ್ದೆ. ಈಗಲೂ ಎಣಿಸುತ್ತ ನಡೆದೆ. ದೊಡ್ಡವಳ ಹೆಜ್ಜೆ ಎಂಬುದು ಮರೆತುಹೋಗಿತ್ತು. ಅರವತ್ತು ಮುಗಿಯುವಾಗ ಪೆಟ್ರೋಲ್ ಬಂಕಿನ ನಟ್ಟನಡುವೆ, ಎರಡು ಪಂಪುಗಳ ಮಧ್ಯೆ ನಿಂತಿದ್ದೆ. ಹಿಂದೆ ಒಂದು ಕಾರು ಹಾರ್ನ್ ಹೊಡೆಯಿತು.

ಖಾಕಿ ಅಂಗಿಯ ನಡುವಯಸ್ಸಿನವನೊಬ್ಬ ಬಂದು, "ವಂಡಿ ಎಂಗೆ ಅಮ್ಮಾ?" ಎಂದ. ಗಾಡಿ ಇಲ್ಲ, ನಡೆದು ಬಂದೆ ಎಂದೆ. ಮತ್ತೆ ಏನು ಬೇಕು ಎಂದ. ನನ್ನ ಹಳೆಯ ತಮಿಳನ್ನು ಕೂಡಿಸಿಕೊಂಡು, ಇಲ್ಲಿ ನಮ್ಮ ಅಡಿಗೆಮನೆ ಇತ್ತು ಎಂದೆ. ಅವನು ನೆಲವನ್ನು ನೋಡಿದ, ನನ್ನನ್ನು ನೋಡಿದ. ನಗಲಿಲ್ಲ. ಹಿಂದಿನ ಗಲ್ಲಿಯ ತಗಡಿನ ಮಾಡನ್ನು ತೋರಿಸಿ, ಹಳೆಯ ಸಂಗತಿಯಾದರೆ ದೋಬಿ ಮುನುಸಾಮಿಯನ್ನು ಕೇಳಬೇಕು ಎಂದ.

ಮುನುಸಾಮಿ ಎಂದೊಡನೆ ನನಗೆ ಇದ್ದಲಿನ ವಾಸನೆ ಬಂತು. ಮಾಡಿನ ಕೆಳಗಿದ್ದವನು ನಮ್ಮ ಬಟ್ಟೆ ಒಗೆಯುತ್ತಿದ್ದ ಅದೇ ಮನುಷ್ಯ, ಕೂದಲು ಮಾತ್ರ ಪೂರ್ತಿ ಬೆಳ್ಳಗೆ. ಅದೇ ಹಿತ್ತಾಳೆಯ ಇಸ್ತ್ರಿಪೆಟ್ಟಿಗೆ. ನಾನು ಹೋಟೆಲಿನವರ ಮಗಳು ಶಾರದಾ ಎಂದೆ. ಅವನು ಇಸ್ತ್ರಿ ನಿಲ್ಲಿಸದೆ, "ಹೆಸರು ಹೇಳಿದರೆ ನನಗೆ ತಿಳಿಯದು ಅಮ್ಮಾ. ಮುಖವೂ ನೆನಪಿರುವುದಿಲ್ಲ. ಗುರುತು ಹೇಳಿ," ಎಂದ. ಅವನ ತಮಿಳನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಮ್ಮೂರಿನ ಮಡಿವಾಳನಿಗೆ ಗುರುತು ಬೇಕಿಲ್ಲ, ಸೀರೆ ನೋಡಿ ಮನೆ ಹೇಳುತ್ತಾನೆ. ಮದರಾಸಿನಲ್ಲಿ ಎಲ್ಲರ ಪಂಚೆಯೂ ಬಿಳಿ. ಆದ್ದರಿಂದ ಒಂದೊಂದು ಮನೆಗೆ ಒಂದೊಂದು ಚಿಹ್ನೆ. ಬಟ್ಟೆಯ ಮೂಲೆಯಲ್ಲಿ ಕೇರುಬೀಜದ ಕಪ್ಪು ರಸದಿಂದ ಹಾಕಿದರೆ ಬಟ್ಟೆ ಹರಿದರೂ ಅದು ಅಳಿಯುವುದಿಲ್ಲ. ತಂದೆಯ ಪಂಚೆಯ ಮೂಲೆಯನ್ನು ಕಣ್ಣಮುಂದೆ ತಂದುಕೊಂಡೆ.

"ಎರಡು ಚುಕ್ಕೆ. ಕೆಳಗೆ ಒಂದು ಗೀಟು."

ಇಸ್ತ್ರಿಪೆಟ್ಟಿಗೆ ನಿಂತಿತು. "ಹೋಟೆಲ್ ಅಯ್ಯರ್ ಮನೆ," ಎಂದ. ಹೋಟೆಲಿನ ಉಡುಪಿಯವರೆಲ್ಲ ಅವನಿಗೆ ಅಯ್ಯರೇ. "ವಾರಕ್ಕೆ ಹನ್ನೊಂದು ಪಂಚೆ. ಎಲ್ಲದರಲ್ಲೂ ಸಾಂಬಾರು."

ಆಮೇಲೆ ಅವನು ಮಾಡಿದ ಕೆಲಸವನ್ನು ನಾನು ಮರೆಯಲಾರೆ. ಒಂದು ಇದ್ದಲ ಚೂರು ತೆಗೆದುಕೊಂಡು ಮೇಜಿನ ಹಲಗೆಯ ಮೇಲೆ ಗುರುತುಗಳನ್ನು ಬರೆಯತೊಡಗಿದ. ಮೊದಲು ಕೆಳಗಿನ ಸಾಲು: ನಮ್ಮ ಎರಡು ಚುಕ್ಕೆ. ಅದರ ಪಕ್ಕ ಒಂದು ಕೊಕ್ಕೆ, ಅದು ಔಷಧಿ ಅಂಗಡಿಯ ಕಾಂಪೌಂಡರು; ಅವರ ಅಂಗಿಯ ಕಲೆ ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಅದರ ಪಕ್ಕ ಒಂದು ತ್ರಿಕೋನ, ಮೂವರು ಬ್ರಹ್ಮಚಾರಿಗಳ ಕೋಣೆ. ಮೂವರಿಗೂ ಒಂದೇ ಗುರುತಾದ್ದರಿಂದ ಪ್ರತಿ ಸೋಮವಾರ ಶರಟಿಗಾಗಿ ಜಗಳ. ಮೂಲೆಯಲ್ಲಿ ಎರಡು ಗೀಟು, ಕಟ್ಟಡದ ಯಜಮಾನರ ವಿಧವೆ ಅತ್ತೆ. ಇಡೀ ಜನ್ಮಕ್ಕೆ ನಾಲ್ಕು ಸೀರೆ. ಆಮೇಲೆ ಮೇಲಿನ ಸಾಲು: ಪಿಯಾನೋ ಕಲಿಸುತ್ತಿದ್ದ ಆಂಗ್ಲೋ ಇಂಡಿಯನ್ ಅಮ್ಮನ ವೃತ್ತ, ಅವರ ಬಟ್ಟೆಗೆ ಗಂಜಿ ಹೆಚ್ಚು ಬೇಕು; ತಂತಿ ಆಫೀಸಿನವರ ಮೂರು ಚುಕ್ಕೆ. ಕೊನೆಗೆ ಒಂದು ಕೂಡು ಗುರುತು, ಅದರ ಕಂಕುಳಲ್ಲಿ ಒಂದು ಚುಕ್ಕೆ.

"ಅಯ್ಯಂಗಾರ್ ಮನೆ," ಎಂದ.

ಹಲಗೆಯ ಮೇಲೆ ನಮ್ಮ ಕಟ್ಟಡ ಎದ್ದು ನಿಂತಿತ್ತು. ಇಟ್ಟಿಗೆ, ಗಾರೆ, ಮರದ ಮೆಟ್ಟಿಲು ಎಲ್ಲ ಯಾವ ಗುಂಡಿಗೆ ಹೋದವೋ. ಏಳು ಮನೆಗಳು ಮಾತ್ರ ಯಾವುದರ ಮೇಲೆ ಯಾವುದು, ಯಾವುದರ ಪಕ್ಕ ಯಾವುದು ಎಂಬ ಲೆಕ್ಕ ತಪ್ಪದೆ ಈ ಮುದುಕನ ತಲೆಯಲ್ಲಿ ಉಳಿದಿದ್ದವು. ಕಟ್ಟಡ ಒಡೆದಾಗ ಏನಾಯಿತು ಎಂದು ಕೇಳಿದೆ. ತಿಂಗಳುಗಟ್ಟಲೆ ಕೆಂಪು ಧೂಳು, ಒಗೆದದ್ದನ್ನು ಮತ್ತೆ ಒಗೆಯಬೇಕಾಯಿತು ಎಂದನೇ ಹೊರತು ಬೇರೆ ದುಃಖ ತೋರಿಸಲಿಲ್ಲ.

"ಅಯ್ಯಂಗಾರರು ಎಲ್ಲಿಗೆ ಹೋದರು?"

"ಯುದ್ಧ ಮುಗಿದ ಮೇಲೆ ಬಂದು, ಮನೆ ಒಡೆಯುವವರೆಗೂ ಇಲ್ಲಿಯೇ ಇದ್ದರು. ಆಮೇಲೆ ಸೌಕಾರ್‌ಪೇಟೆ. ಅಲ್ಲಿ ಒಗೆಯುವವನು ನನ್ನ ಷಡ್ಡಕ. ಅದೇ ಗುರುತನ್ನು ನಡೆಸಿಕೋ ಎಂದು ನಾನೇ ಹೇಳಿದ್ದೆ."

"ಮನೆ ಬದಲಾದರೂ ಗುರುತು ಅದೇನಾ?"

"ಬದಲಾಯಿಸಿದರೆ ಹಳೆಯ ಬಟ್ಟೆಗಳನ್ನೆಲ್ಲ ಏನು ಮಾಡುವುದು?" ಎಂದ, ನಾನು ಬುದ್ಧಿಯಿಲ್ಲದ ಮಾತಾಡಿದಂತೆ.

ಕೈಚೀಲದಿಂದ ಬಟ್ಟೆಯನ್ನು ತೆಗೆದು ತೋರಿಸಿದೆ. ಅವನು ಹೂವು ನೋಡಲಿಲ್ಲ, ನಾಲ್ಕು ಮೂಲೆಗಳನ್ನು ಬೆರಳಲ್ಲಿ ಸವರಿದ. "ಇದು ನನ್ನ ಕೈಗೆ ಬಂದದ್ದಲ್ಲ. ಒಗೆದೇ ಇಲ್ಲ ಇದನ್ನು. ಇಷ್ಟು ಹಳದಿಯಾಗುವವರೆಗೆ ಯಾಕೆ ಇಟ್ಟುಕೊಂಡಿರಿ?"

ನಾನು ಬಟ್ಟೆಯನ್ನು ಮತ್ತೆ ಮಡಚಿ ಚೀಲಕ್ಕೆ ಹಾಕಿದೆ. ಬೆಳ್ಳಿ ಪಾತ್ರೆ ಅಂಗಡಿಯ ಮಹಡಿ ಎಂದು ವಿಳಾಸ ಹೇಳಿಸಿಕೊಂಡು ಹೊರಟೆ.

ಸೌಕಾರ್‌ಪೇಟೆ

ಬೆಳ್ಳಿ ಪಾತ್ರೆ ಅಂಗಡಿ ಎಂದು ಸೌಕಾರ್‌ಪೇಟೆಯಲ್ಲಿ ಕೇಳುವುದು, ಉಡುಪಿಯ ರಥಬೀದಿಯಲ್ಲಿ ನಿಂತು ಭಟ್ಟರ ಮನೆ ಎಲ್ಲಿ ಎಂದು ಕೇಳಿದಂತೆ. ಚಿಕ್ಕಂದಿನಲ್ಲಿ ಈ ಕಡೆಗೆಲ್ಲ ಟ್ರಾಮಿನಲ್ಲಿ ಬರುತ್ತಿದ್ದೆವು. ಟ್ರಾಮುಗಳೂ ಈಗಿಲ್ಲ. ರಿಕ್ಷಾದವನು ಗಲ್ಲಿಯ ಬಾಯಲ್ಲಿ ಇಳಿಸಿ, ಇನ್ನು ಒಳಗೆ ಗಾಡಿ ಹೋಗದು ಎಂದ. ಒಂದು ಹಸು, ಎರಡು ಕೈಗಾಡಿ, ಜವಳಿ ಮೂಟೆ ಹೊತ್ತ ಒಬ್ಬ ಮನುಷ್ಯ, ಇವರ ನಡುವೆ ನುಸುಳುವಾಗ ನನ್ನ ಚಪ್ಪಲಿಯ ಬಾರು ಕಿತ್ತುಹೋಯಿತು. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ನಡೆಯುವುದಕ್ಕಿಂತ ಎರಡನ್ನೂ ಕೈಯಲ್ಲಿ ಹಿಡಿಯುವುದೇ ಮರ್ಯಾದೆ ಎನ್ನಿಸಿತು. ಹಾಗೆ ಬರಿಗಾಲಲ್ಲಿ ನಾಲ್ಕನೆಯ ಬೆಳ್ಳಿ ಅಂಗಡಿಗೆ ಹೋದಾಗ, ದೇವರ ಸಾಮಾನು ಕೊಳ್ಳಲು ಹರಕೆ ಹೊತ್ತು ಬಂದವಳೆಂದು ತಿಳಿದರೋ ಏನೋ, ಅಂಗಡಿಯವರು ಎದ್ದು ಕೈಮುಗಿದು ಗಾದಿಯ ಮೇಲೆ ಕೂರಿಸಿ ಸೋಡಾ ತರಿಸಿದರು. ಕುಡಿದ ಮೇಲೆ ಮಹಡಿಯವರನ್ನು ಕೇಳಿದೆ. ಪಾಪ, ಬೇಸರಿಸಿಕೊಳ್ಳದೆ ಮೆಟ್ಟಿಲು ತೋರಿಸಿದರು.

ಮಹಡಿಯಲ್ಲಿ ಅಂಗಡಿಯವರ ಅತ್ತಿಗೆ ಜಮುನಾಬಾಯಿ ಎಂಬವರಿದ್ದರು, ಐವತ್ತರ ಆಸುಪಾಸಿನ ದಪ್ಪ ಹೆಂಗಸು. ಅವರದು ಮಾರವಾಡಿ ಬೆರೆತ ತಮಿಳು, ನನ್ನದು ಪರೀಕ್ಷೆಗೆ ಓದಿದ ಹಿಂದಿ. ಎರಡೂ ಅರ್ಧ ದಾರಿಯಲ್ಲಿ ಸಂಧಿಸಿದವು.

"ವೇದಾ? ಅರೆ, ಕೂತುಕೊಳ್ಳಿ," ಎಂದರು. "ಹಿಂದಿನ ಕೋಣೆಯಲ್ಲಿ ನಾಲ್ಕು ವರ್ಷ ಇದ್ದರು. ನನ್ನ ಮೂವರು ಹೆಣ್ಣುಮಕ್ಕಳಿಗೂ ಅವಳೇ ಹೊಲಿಗೆ ಕಲಿಸಿದ್ದು. ಎಡಗೈ ಅವಳದು, ಗೊತ್ತಲ್ಲ?"

"ಗೊತ್ತು. ನೀವು ಏನೂ ಅನ್ನಲಿಲ್ಲವೇ?"

"ಏನು ಅನ್ನುವುದು? ಒಳ್ಳೆಯದೇ ಆಯಿತು. ಅವಳ ಎದುರಿಗೆ ಕೂತರೆ ಕನ್ನಡಿ ನೋಡಿದ ಹಾಗೆ. ಅವಳ ಎಡಗೈ ಹೋದ ಕಡೆ ನನ್ನ ಮಕ್ಕಳ ಬಲಗೈ ಹೋಗುತ್ತಿತ್ತು. ಎರಡೇ ತಿಂಗಳಲ್ಲಿ ಕಲಿತವು. ಬಲಗೈಯವಳು ಕಲಿಸಿದ್ದರೆ ಪಕ್ಕದಲ್ಲಿ ಕೂತು ಕತ್ತು ತಿರುಗಿಸಬೇಕಿತ್ತು."

ಅವರು ಬಾಗಿಲ ಮೇಲೆ ವೇದವಲ್ಲಿ ಹೊಲಿದ ಬಟ್ಟೆಯ ತೋರಣವನ್ನು ತೋರಿಸಿದರು. ಹಸಿರು ಬಳ್ಳಿ, ಕೆಂಪು ಹೂವು, ಪ್ರತಿ ಹೊಲಿಗೆಯೂ ಎಡಕ್ಕೆ ವಾಲಿತ್ತು. ಕಾನ್ವೆಂಟಿನಲ್ಲಿ ಕರವಸ್ತ್ರ ಕಟ್ಟಿದ ಆ ಕೈ ಇಲ್ಲಿ, ಬೇರೆ ಭಾಷೆಯವರ ಮನೆಯಲ್ಲಿ, ಗುರುವಿನ ಕೈಯಾಗಿತ್ತು. ನನಗೆ ಸಂತೋಷವಾಯಿತು. ಸಂತೋಷಪಡುವ ಅಧಿಕಾರ ನನಗಿದೆಯೇ ಎಂಬ ಯೋಚನೆಯೂ ಬಂತು.

"ಈಗ ಎಲ್ಲಿದ್ದಾಳೆ?"

ಅವರು ಕೈಯನ್ನು ಗಾಳಿಯಲ್ಲಿ ಉತ್ತರದ ಕಡೆ ಬೀಸಿದರು. ಮದುವೆಯಾಯಿತು, ಗಂಡನಿಗೆ ರೈಲ್ವೆಯಲ್ಲಿ ಕೆಲಸ, ವರ್ಷಕ್ಕೊಂದು ಊರು. ಒಂದು ದೀಪಾವಳಿಗೆ ಕಾರ್ಡು ಬಂದಿತ್ತು, ಅದರಲ್ಲಿ ವಿಳಾಸವಿರಲಿಲ್ಲ. ತಂದೆ ತಾಯಿ ಇಬ್ಬರೂ ತೀರಿಕೊಂಡರು.

ಚೀಲದೊಳಗೆ ಕೈಹಾಕಿ ಬಟ್ಟೆಯನ್ನು ಮುಟ್ಟಿದೆ. ಇವರ ಕೈಗೆ ಕೊಟ್ಟು, ಅವಳು ಎಂದಾದರೂ ಬಂದರೆ ಕೊಡಿ ಎನ್ನಬಹುದಿತ್ತು. ಆದರೆ ಬಟ್ಟೆಯೊಂದೇ ಹೋಗಿ, ಮಾತು ನನ್ನ ಹತ್ತಿರ ಉಳಿದರೆ ಏನು ಬಂತು? ಕದ್ದದ್ದನ್ನು ಇನ್ನೊಬ್ಬರ ಕೈಯಲ್ಲಿ ಕಳಿಸಿದಂತೆ. ಉಡುಪಿಯ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಇನ್ನೊಂದು ಕಾರ್ಡು ಬಂದರೆ ತಿಳಿಸುತ್ತೇನೆ ಎಂದು ಅವರು ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿದರು. ಹೊರಡುವಾಗ ತಮ್ಮ ಮಗಳ ಹಳೆಯ ಚಪ್ಪಲಿ ಕೊಟ್ಟರು. ಅಳತೆ ಒಂದಿಷ್ಟು ಚಿಕ್ಕದು. ಹಾಕಿಕೊಂಡೇ ಬಂದೆ.

ಮತ್ತೆ ವೆಸ್ಟ್ ಮಾಂಬಲಂ

ಸಂಜೆ ಅತ್ತಿಗೆ ಹಜಾರದಲ್ಲಿ ಅಕ್ಕಿ ಆರಿಸುತ್ತಿದ್ದರು. ಅವರ ಮಗಳು ಮೂಲೆಯಲ್ಲಿ ಪಾಠ ಓದುತ್ತಿದ್ದಳು. ನನ್ನ ಕಾಲು ನೋಡಿ ಅತ್ತಿಗೆ, "ಎಂತದು ಇದು, ಬೆಳಿಗ್ಗೆ ಬೇರೆ ಚಪ್ಪಲಿ ಇತ್ತಲ್ಲ?" ಎಂದರು. ಮಗಳು ಪುಸ್ತಕದಿಂದ ತಲೆಯೆತ್ತದೆ, "ಮಾಮಿ ಚೆರುಪ್ಪು ಮಾತ್ತಿಟ್ಟಾಂಗ," ಎಂದಳು. ಮಾಮಿ ಚಪ್ಪಲಿ ಬದಲಾಯಿಸಿಕೊಂಡರು ಎಂದು. ಇಬ್ಬರೂ ನಕ್ಕರು.

"ಸಿಕ್ಕಿದ್ಳಾ ನಿನ್ನ ಫ್ರೆಂಡು?"

"ಇಲ್ಲ ಅತ್ತಿಗೆ. ಉತ್ತರಕ್ಕೆ ಎಲ್ಲಿಗೋ ಹೋಗಿದ್ದಾಳಂತೆ."

"ಹೋಗ್ಲಿ ಬಿಡು ಮಾರಾಯ್ತಿ. ಊರು ಬಿಟ್ಟವರೆಲ್ಲ ಎಲ್ಲಾದರೂ ಒಂದು ಕಡೆ ಇರ್ತಾರೆ," ಎಂದು ಅವರು ಕಲ್ಲೊಂದನ್ನು ಆರಿಸಿ ಎಸೆದರು.

ಅಷ್ಟರಲ್ಲಿ ಪದ್ಮಾಬಾಯಿ ಬೆಳಿಗ್ಗೆ ಒಯ್ದಿದ್ದ ಸಕ್ಕರೆಯ ಬಟ್ಟಲನ್ನು ಹಿಂದಿರುಗಿಸಲು ಬಂದರು. ನಾನು ಚೀಲದಿಂದ ಬಟ್ಟೆ ತೆಗೆದು ಮೇಜಿನ ಮೇಲೆ ಹರಡಿದ್ದೆ. ಹದಿನೆಂಟು ವರ್ಷದ ಮಡಿಕೆಗಳು ಕೂಡು ಗುರುತಿನಂತೆ ಹಳದಿಯಾಗಿದ್ದವು. ಅವರು ಎಂದಿನಂತೆ ಅದನ್ನೆತ್ತಿ ಮೊದಲು ಹಿಂಬದಿ ತಿರುಗಿಸಿದರು. ಒಂದು ದಾರವೂ ತೂಗುತ್ತಿರಲಿಲ್ಲ. ಅವರು ಒಂದು ತಪ್ಪನ್ನೂ ಹೇಳದ ಮೊದಲ ಬಟ್ಟೆ ಅದಿರಬೇಕು.

"ಯಾರದಮ್ಮಾ ಇದು? ಎಡಗೈಯವಳು."

"ಹೌದು. ನನ್ನ ಗೆಳತಿ ಮಾಡಿದ್ದು. ಮೂಲೆಯ ಅಕ್ಷರ ಮಾತ್ರ ಅವಳದಲ್ಲ, ಶಾಲೆಯಲ್ಲಿ ಆಮೇಲೆ ಬೇರೆಯವರು ಹಾಕಿದ್ದು," ಎಂದೆ.

ಪದ್ಮಾಬಾಯಿ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕವನ್ನು ಹಣೆಗೆ ಏರಿಸಿ, ಮೂಲೆಯನ್ನು ಮೂಗಿನ ಹತ್ತಿರ ತಂದರು.

"ಯಾರು ಹೇಳಿದ್ದು ನಿನಗೆ? ಅಕ್ಷರಾನೂ ಅದೇ ಎಡಗೈನೇ. ಅದೂ ಆಮೇಲೆ ಹಾಕಿದ್ದಲ್ಲ, ಮೊದಲೇ ಹಾಕಿದ್ದು. ಇಲ್ಲಿ ನೋಡು, ನೀಲಿ ದಾರದ ಮೇಲಿಂದ ಹಸಿರು ಬಳ್ಳಿ ಹತ್ತಿ ಹೋಗಿದೆ. ನಿನ್ನ ಹೆಸರು ಹಾಕಿಟ್ಟುಕೊಂಡು ಆಮೇಲೆ ಹೂವು ಶುರುಮಾಡಿದಾಳೆ, ನಿನಗೆ ಕೊಡೋಕೆ ಅಂತ್ಲೇ." ಬಟ್ಟೆಯನ್ನು ಮಡಚಿ ನನ್ನ ಕೈಗಿಟ್ಟು, ಖಾಲಿ ಬಟ್ಟಲನ್ನು ಅತ್ತಿಗೆಯ ಮುಂದೆ ಇಡುತ್ತ ಅವರು ಹೇಳಿದರು: "ಇಷ್ಟು ಕೊಳೆ, ಅಳುಕ್ಕಾಗಿದೆಯಲ್ಲ, ಒಂದು ಸಲ ದೋಬಿಗೆ ಹಾಕಬಾರದಾ?"